ಹಿತ್ತಲ ಹುಣಸೆಮರದಲ್ಲಿ ಸಿಕ್ಕ ಕೊಕ್ಕರೆ ಬೀಡು

ಬೆಂಗಳೂರಿನ ಹೇರೋಹಳ್ಳಿ ಕೆರೆ ಏರಿಯ ಮೇಲೆ ನಡೆದಾಡುವವರಿಗೆ ನೀರುಹಕ್ಕಿಗಳು ಹೊಸತಲ್ಲ. ನಗರದ ಕೆರೆಗಳಿಗೆ ಮೀನು ಅರಸಿ ಬಣ್ಣದ ಕೊಕ್ಕರೆಗಳೂ ಬರುತ್ತವೆ. ಆದರೆ ಕೆರೆಯಲ್ಲಿ ಮೇವು ಸಿಕ್ಕರೆ ಸಾಲದು, ಮರಿ ಮಾಡಲು ಮರ ಬೇಕು. ಅಂಥ ಮರಗಳ ಒಂದು ಊರು ಇಲ್ಲಿಂದ ಸುಮಾರು 80 ಕಿ.ಮೀ. ದೂರದಲ್ಲಿದೆ: ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು.

ಬಣ್ಣದ ಕೊಕ್ಕರೆಗೆ ಥಾಮಸ್ ಪೆನಂಟ್ 1769ರಲ್ಲೇ ವೈಜ್ಞಾನಿಕ ಹೆಸರಿಟ್ಟ. ಈ ಹಕ್ಕಿ ಅರೆತೆರೆದ ಕೊಕ್ಕನ್ನು ನೀರಿಗೆ ಅದ್ದಿ ಅತ್ತಿತ್ತ ಆಡಿಸುತ್ತ ಹೆಜ್ಜೆ ಹಾಕುತ್ತದೆ. ಮೀನು ತಾಗಿದ ಕ್ಷಣವೇ ಕೊಕ್ಕು ಮುಚ್ಚಿಕೊಳ್ಳುತ್ತದೆ. ಹಾಗಾಗಿ ಕದಡಿದ ನೀರಿನಲ್ಲೂ ಅದಕ್ಕೆ ಬೇಟೆ ಸಾಧ್ಯ. ಅದರ ನೆರೆಯಲ್ಲೇ ಗೂಡು ಕಟ್ಟುವ ಹೆಜ್ಜಾರ್ಲೆಯ (ಪೆಲಿಕನ್) ಬಗ್ಗೆ ಟಿ. ಸಿ. ಜೆರ್ಡನ್ 1860ರ ದಶಕದ ತನ್ನ ಭಾರತೀಯ ಪಕ್ಷಿಗಳ ಗ್ರಂಥದಲ್ಲಿ ಬರೆದ. ಕರ್ನಾಟಿಕ್ ಸೀಮೆಯ ಹಳ್ಳಿಯೊಂದರ ನಡುವಿನ ಗಿಡ್ಡ ಮರಗಳಲ್ಲಿ ಜನರ ಅಂಜಿಕೆಯಿಲ್ಲದೆ ಅವು ಗೂಡು ಕಟ್ಟಿದ್ದನ್ನು ಆತ ಕಂಡಿದ್ದ. ಆ ಮಾತಿನಲ್ಲಿ ಹಳ್ಳಿಯ ಹೆಸರಿರಲಿಲ್ಲ.

ಶತಮಾನ ಕಳೆದು, 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಶಿಂಷಾ ನದಿಯ ಹತ್ತಿರದ ಕೊಕ್ಕರೆ ಬೆಳ್ಳೂರಿಗೆ ಬಂದರು. ಮನೆಗಳ ನಡುವಿನ ಹುಣಸೆ, ಆಲ, ಅರಳಿ ಮರಗಳಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಸಂಸಾರ ಹೂಡಿದ್ದವು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಪುಟ್ಟ ಟಿಪ್ಪಣಿಯಿಂದ ಊರಿನ ಹೆಸರು ಪಕ್ಷಿಶಾಸ್ತ್ರದ ದಾಖಲೆಗೆ ಸೇರಿತು.

ಅಷ್ಟರಲ್ಲಿ ಊರಿನವರು ಆ ಹಕ್ಕಿಗಳನ್ನು ತಲೆಮಾರುಗಳಿಂದ ಕಾಯ್ದುಕೊಂಡು ಬಂದಿದ್ದರು. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಅವರ ಭಾವನೆ. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತಿತ್ತು, ನಿಜ. ಆದರೆ ಗೂಡಿರುವ ಮರದ ಹುಣಸೆಹಣ್ಣಿನ ಆದಾಯ ಕೈಬಿಡಬೇಕಿತ್ತು. ನೇಗಿನಹಾಳರ ಬರಹದ ದೊಡ್ಡ ಫಲ ಇಲ್ಲೇ ಇದೆ: ಊರಿನ ಕಾಳಜಿ ಸರ್ಕಾರದ ಕಣ್ಣಿಗೆ ಬಿತ್ತು. ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡತೊಡಗಿತು. ಮರಿಗಳ ಆರೈಕೆಗೆ ಹೆಜ್ಜಾರ್ಲೆ ಬಳಗ ಎಂಬ ಗುಂಪು ಹುಟ್ಟಿತು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು.

ಕಂಡುಹಿಡಿದ ಕೀರ್ತಿ ನೇಗಿನಹಾಳರಿಗೆ ಸಲ್ಲಲಿ, ಉಳಿಸಿದ ಕೀರ್ತಿ ಆ ಹಿತ್ತಲುಗಳ ಒಡೆಯರದು. ಇದೇ ಪಾಠ ನಮಗೂ ಇದೆ: ನಗರದ ಕೆರೆಗಳನ್ನು ಹೂಳೆತ್ತಿ ಸುಧಾರಿಸುವಾಗ ದಡದ ಹಳೆಯ ಮರಗಳನ್ನೂ, ಕಾಲೂರಿ ನಡೆಯುವಷ್ಟು ಆಳವಿಲ್ಲದ ನೀರಿನ ಅಂಚನ್ನೂ ಉಳಿಸಬೇಕು. ಬೆಳ್ಳೂರಿನವರು ಹಣ್ಣಿನ ಆದಾಯ ಬಿಟ್ಟುಕೊಟ್ಟರು. ನಾವು ಬಿಟ್ಟುಕೊಡಬೇಕಾದದ್ದು ಒಂದಿಷ್ಟು ಕೆಸರು ದಂಡೆ.