ಕಚೇರಿಯ ಹಲಗೆಯ ಮೇಲೆ ಅಂತಃಕರಣ

ಭಾರತವನ್ನು ಧಾರ್ಮಿಕ ಸ್ವಾತಂತ್ರ್ಯದ ವಿಷಯದಲ್ಲಿ ‘ವಿಶೇಷ ಕಳವಳದ ದೇಶ’ವೆಂದು ಸಾರಬೇಕೆಂದು ಅಮೆರಿಕದ ಆಯೋಗವೊಂದು 2020ರಿಂದ ವರ್ಷವರ್ಷವೂ ಶಿಫಾರಸು ಮಾಡುತ್ತಿರುವುದು ವಾಚಕರಿಗೆ ವಿದಿತವೇ ಇದೆ. ದೆಹಲಿಯ ಸರ್ಕಾರದವರು ಅದನ್ನು ಪಕ್ಷಪಾತವೆಂದು ತಳ್ಳಿಹಾಕಿರುವರು. 1998ರಲ್ಲಿ ತನ್ನ ಕಾನೂನಿನಿಂದ ಈ ಆಯೋಗವನ್ನು ಹುಟ್ಟಿಸಿದ ರಾಷ್ಟ್ರಕ್ಕೆ ನಮ್ಮ ನ್ಯಾಯಾಧಿಪತ್ಯವನ್ನು ಯಾರೂ ಒಪ್ಪಿಸಿಲ್ಲ. ಇಷ್ಟರಮಟ್ಟಿಗೆ ನಾವು ಸರ್ಕಾರದವರೊಡನೆ ಇರುವೆವು. ಆದರೆ ಆರೋಪಿಸಿದವನು ಪರಕೀಯನೆಂದ ಮಾತ್ರಕ್ಕೆ ಆರೋಪವು ಬಿದ್ದುಹೋಗುವುದೇ? ಸಂವಿಧಾನದ 25ನೆಯ ವಿಧಿಯು ನಮ್ಮದೇ. ನಾಗರಿಕ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ 1979ರಲ್ಲಿ ಸೇರಿದವರೂ ನಾವೇ.

ದೂರ ಹೋಗುವುದು ಬೇಡ. ಮತಾಂತರವನ್ನು ಬಯಸುವವನು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕೆಂದೂ, ಅದನ್ನು ತಹಸೀಲ್ದಾರರ ಕಚೇರಿಯ ಹಲಗೆಗೆ ಹಚ್ಚಿ ಆಕ್ಷೇಪಣೆ ಕರೆಯಬೇಕೆಂದೂ 2022ರ ಕರ್ನಾಟಕದ ಕಾನೂನು ವಿಧಿಸಿತು. ಮಾಗಡಿಯ ಕೂಲಿಯವನೊಬ್ಬನು ದೇವರೊಡನೆ ಆಡುವ ಮಾತನ್ನು ಪಹಣಿಗೆಂದು ಬಂದವರೆಲ್ಲ ಓದುವುದೆಂದರೇನು! ಹಾರೋಬೆಲೆಯ ಕಪಾಲಬೆಟ್ಟದ ಯೇಸುಪ್ರತಿಮೆಯ ವಿರುದ್ಧ 2020ರ ಜನವರಿಯಲ್ಲಿ ಕನಕಪುರದಲ್ಲಿ ಹೊರಟ ಮೆರವಣಿಗೆಯನ್ನು ಬಲ್ಲವರಿಗೆ, ಅಂಥ ಹಲಗೆಯ ಮುಂದೆ ಯಾರು ನೆರೆಯುವರೆಂದು ಹೇಳಬೇಕಾದುದಿಲ್ಲ. ಬಲಾತ್ಕಾರವನ್ನು ದಂಡಿಸಲಿ, ಬೇಡವೆನ್ನೆವು. ನಿರಪರಾಧವನ್ನು ರುಜುವಾತುಪಡಿಸುವ ಭಾರವನ್ನು ಆಪಾದಿತನ ಮೇಲೆಯೇ ಹೊರಿಸಿದುದು ಯಾವ ನ್ಯಾಯ?

2023ರ ಜೂನ್ 15ರಂದು ರಾಜ್ಯದ ಮಂತ್ರಿಮಂಡಲವು ಈ ಕಾನೂನನ್ನು ರದ್ದುಪಡಿಸಲು ನಿರ್ಣಯಿಸಿತು. ಶಾಸನಸಭೆಗಳೆರಡನ್ನೂ ದಾಟದೆ ಬರಿಯ ನಿರ್ಣಯದಿಂದ ಕಾನೂನು ಅಳಿಯದೆಂಬುದನ್ನು ಮಂತ್ರಿಗಳಿಗೆ ನಾವು ಹೇಳಿಕೊಡಬೇಕೇ?