ಮೂಸಿ ಕಣಿವೆಯ ಗರಸುದಾರಿಗಳಲ್ಲಿ ಸೈಕಲ್ ಸವಾರಿ

ದೇಹಕ್ಕೆ ವ್ಯಾಯಾಮ ಅತ್ಯವಶ್ಯಕವೆಂಬುದನ್ನು ಒಪ್ಪದವರಿಲ್ಲ. ಅದನ್ನು ಆಚರಣೆಗೆ ತರುವವರು ಮಾತ್ರ ವಿರಳ. ಉದ್ಯೋಗನಿಮಿತ್ತ ಮಹಾನಗರವನ್ನು ಸೇರಿದ ಕನ್ನಡಿಗನ ದಿನಚರಿಯನ್ನು ಗಮನಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ಬೆಳಿಗ್ಗೆ ವಾಹನದಲ್ಲಿ ಕುಳಿತು ಕಚೇರಿಗೆ ಪ್ರಯಾಣ, ಅಲ್ಲಿ ಎಂಟು ಗಂಟೆ ಕುರ್ಚಿಯ ವಾಸ, ಸಂಜೆ ಮತ್ತೆ ವಾಹನ, ರಾತ್ರಿ ದೂರದರ್ಶನದ ಮುಂದೆ ಊಟ. ತಾತ ಹೊಲದ ಬದುವಿನ ಮೇಲೆ ಸವೆಸಿದ ಕಾಲುಗಳನ್ನು ಮೊಮ್ಮಗ ಮೇಜಿನ ಕೆಳಗೆ ಮಡಚಿಟ್ಟಿದ್ದಾನೆ. ನಲವತ್ತು ದಾಟುವಷ್ಟರಲ್ಲಿ ಮಧುಮೇಹ, ರಕ್ತದೊತ್ತಡಗಳು ಬಾಗಿಲು ತಟ್ಟಿದರೆ ಆಶ್ಚರ್ಯವೇನು?

ಇದಕ್ಕೆ ಪರಿಹಾರ ದುಬಾರಿ ವ್ಯಾಯಾಮಶಾಲೆಗಳಲ್ಲಿಯೇ ಇರಬೇಕೆಂದಿಲ್ಲ. ನಾಚಾರಂ, ಹಬ್ಸಿಗುಡ, ಮಲ್ಲಾಪುರದ ನಿವಾಸಿಗಳಿಗೆ ಅದು ಮನೆಯಿಂದ ಒಂದು ಗಂಟೆಯ ಸೈಕಲ್ ದೂರದಲ್ಲಿ, ಮೂಸಿ ನದಿಯ ಕಣಿವೆಯ ಗರಸುದಾರಿಗಳಲ್ಲಿ ದೊರೆಯುತ್ತದೆ.

ಹಳೆಯ ಸೈಕಲ್, ಹೊಸ ಹೆಸರು

ಡಾಂಬರು ಕಾಣದ ಜಲ್ಲಿ, ಗರಸು ಹಾಗೂ ಮಣ್ಣಿನ ದಾರಿಗಳಲ್ಲಿ ಸೈಕಲ್ ತುಳಿಯುವುದು ಇಂದು ಪಾಶ್ಚಾತ್ಯ ದೇಶಗಳಲ್ಲಿ ‘ಗ್ರಾವೆಲ್ ಬೈಕಿಂಗ್’ ಎಂಬ ಹೆಸರಿನಿಂದ ಜನಪ್ರಿಯವಾಗಿದೆ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಎಂಪೋರಿಯಾ ಪಟ್ಟಣದಲ್ಲಿ 2006ರಲ್ಲಿ ಆರಂಭವಾದ 200 ಮೈಲಿಗಳ ಪಂದ್ಯ ಇದಕ್ಕೆ ದೊಡ್ಡ ಪ್ರಚಾರವನ್ನು ನೀಡಿತು. 2022ರಲ್ಲಿ ಇಟಲಿಯಲ್ಲಿ ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆಯಿತು.

ಇಂತಹ ಸವಾರಿಗೆಂದು ತಯಾರಾಗುವ ಸೈಕಲ್ಲುಗಳ ಟೈರು ಸಾಮಾನ್ಯವಾಗಿ 35ರಿಂದ 50 ಮಿಲಿಮೀಟರ್ ಅಗಲವಿರುತ್ತದೆ. ಬೆಲೆ ಕೇಳಿದರೆ ಎದೆ ಝಲ್ಲೆನ್ನುವುದು ನಿಜ. ಆದರೆ ಹಿಂದೆ ಹಳ್ಳಿಯ ಅಂಚೆಯವರೂ ಹಾಲು ಮಾರುವವರೂ ಶಾಲೆಯ ಮೇಷ್ಟರೂ ಏರುತ್ತಿದ್ದ ಕಪ್ಪು ಬಣ್ಣದ ಸೈಕಲ್ಲಿನ ಟೈರು ಎಷ್ಟು ಅಗಲವಿತ್ತು? ಒಂದೂವರೆ ಅಂಗುಲ, ಅಂದರೆ ಸುಮಾರು 38 ಮಿಲಿಮೀಟರ್. ಪಾಶ್ಚಾತ್ಯರು ಇಂದು ಕಂಡುಕೊಂಡದ್ದನ್ನು ನಮ್ಮ ಹಳ್ಳಿಗಳು ಅನುಭವದಿಂದಲೇ ಅರಿತಿದ್ದವು. ಹೊಸ ಸೈಕಲ್ಲಿಗೆ ಹಗುರವಾದ ಚೌಕಟ್ಟು, ಏರುದಾರಿಗೆ ಅನುಕೂಲವಾದ ಗಿಯರುಗಳು, ಉತ್ತಮ ಬ್ರೇಕುಗಳು ಇವೆ. ಇವು ನಿಜವಾದ ಸೌಕರ್ಯಗಳೇ. ಆದರೆ ಕಣಿವೆಯ ಸಮತಟ್ಟಾದ ದಾರಿಗೆ, ಒಳ್ಳೆಯ ಬ್ರೇಕು ಹಾಗೂ ಅಗಲ ಟೈರುಳ್ಳ ಯಾವ ಸೈಕಲ್ಲಾದರೂ ಸಾಕು.

ದಾರಿಯ ಪರಿಚಯ

ಹೈದರಾಬಾದಿನ ಪಶ್ಚಿಮದಲ್ಲಿ ವರ್ತುಲ ರಸ್ತೆಯ ಬದಿಗೆ 23 ಕಿ.ಮೀ. ಉದ್ದದ, ಸೌರಫಲಕಗಳ ಚಾವಣಿಯುಳ್ಳ ಸೈಕಲ್ ಪಥ 2023ರಲ್ಲಿ ಆರಂಭವಾಯಿತು. ಪೂರ್ವದ ನಾಚಾರಮ್ಮಿನವರಿಗೆ ಅದು ದೂರ. ಅವರಿಗೆ ಮೂಸಿಯೇ ಗತಿ, ಮೂಸಿಯೇ ಭಾಗ್ಯ.

ವಿಕಾರಾಬಾದಿನ ಅನಂತಗಿರಿ ಬೆಟ್ಟಗಳಲ್ಲಿ ಹುಟ್ಟಿ, ನಗರವನ್ನು ಸೀಳಿಕೊಂಡು ಪೂರ್ವಕ್ಕೆ ಹರಿದು, ವಾಡಪಲ್ಲಿಯ ಬಳಿ ಕೃಷ್ಣೆಯನ್ನು ಸೇರುವ ನದಿ ಇದು. ನಾಚಾರಮ್ಮಿನಿಂದ ಉಪ್ಪಲ್, ಪೀರ್ಜಾದಿಗುಡ ದಾಟಿ ಬಲಕ್ಕೆ ತಿರುಗಿದರೆ ನದಿಯ ಉತ್ತರ ದಡದ ಹಳ್ಳಿಗಳು ಸಿಗುತ್ತವೆ. ಪ್ರತಾಪಸಿಂಗಾರಂವರೆಗೆ ಹೋಗಿಬರಲು ಸುಮಾರು 30 ಕಿ.ಮೀ. ಆಗುತ್ತದೆ. ಅಭ್ಯಾಸವಾದವರು ಹೊರವರ್ತುಲ ರಸ್ತೆಯನ್ನು ದಾಟಿ ಏದುಲಾಬಾದಿನ ಕೆರೆಯವರೆಗೆ ಮುಂದುವರಿಯಬಹುದು. ಇನ್ನೂ ಗಟ್ಟಿಗರಿಗೆ ಭೂದಾನ್ ಪೋಚಂಪಲ್ಲಿ ಇದೆ. ಅದು ಒಂದು ಕಡೆಗೇ 40 ಕಿ.ಮೀ. ಆಸುಪಾಸು. 1951ರ ಏಪ್ರಿಲ್ 18ರಂದು ವಿನೋಬಾ ಭಾವೆಯವರಿಗೆ ಮೊದಲ ಭೂದಾನ ದೊರೆತದ್ದು ಈ ಊರಿನಲ್ಲಿಯೇ. ಇಲ್ಲಿಯ ಇಕತ್ ನೇಯ್ಗೆಯ ಸೀರೆಗಳು ಹೆಂಗಳೆಯರಿಗೆ ಸುಪರಿಚಿತ.

ಊರಿಂದೂರಿಗೆ ಈಗ ಡಾಂಬರು ಬಂದಿದೆ. ಆದರೆ ಹೊಲಗದ್ದೆಗಳ ನಡುವಿನ ಬಂಡಿದಾರಿ, ಕಾಲುವೆಯ ಏರಿ, ಕೆರೆಯ ಕಟ್ಟೆ ಇವು ಬಹುಮಟ್ಟಿಗೆ ಇನ್ನೂ ಮಣ್ಣಿನವೇ. ಸವಾರನು ಹುಡುಕಬೇಕಾದದ್ದು ಇವುಗಳನ್ನು. ಎಡಬಲಕ್ಕೆ ಭತ್ತದ ಗದ್ದೆ, ಎಮ್ಮೆಗಳ ಮೇವಿಗೆಂದು ಬೆಳೆದ ಹುಲ್ಲಿನ ಹಸಿರು, ಅಲ್ಲಲ್ಲಿ ಬಂಡೆಗುಡ್ಡ, ತಾಳೆಮರಗಳ ಸಾಲು. ರಾಯಚೂರು, ಕೊಪ್ಪಳದ ಸೀಮೆಯಿಂದ ಬಂದವರಿಗೆ ಈ ನೋಟ ತವರನ್ನೇ ನೆನಪಿಗೆ ತಂದೀತು.

ಶರೀರಕ್ಕೆ ಆಗುವ ಲಾಭ

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ಗರಸುದಾರಿಯಲ್ಲಿ ಗಂಟೆಗೆ 12 ಕಿ.ಮೀ. ವೇಗದಂತೆ ಪ್ರತಾಪಸಿಂಗಾರಂವರೆಗೆ ಹೋಗಿಬಂದರೆ ಎರಡೂವರೆ ಗಂಟೆ, ಅಂದರೆ ಸರಿಯಾಗಿ 150 ನಿಮಿಷ. ವಾರದ ಬಾಕಿ ಒಂದೇ ಭಾನುವಾರದಲ್ಲಿ ಚುಕ್ತಾ ಆಯಿತು!

ಒರಟು ನೆಲದ ಮೇಲೆ ಚಕ್ರ ಉರುಳಲು ಡಾಂಬರಿಗಿಂತ ಹೆಚ್ಚು ಶ್ರಮ ಬೇಕು. ಆದ್ದರಿಂದ ವೇಗ ಕಡಿಮೆಯಿದ್ದರೂ ಹೃದಯಕ್ಕೂ ಶ್ವಾಸಕೋಶಕ್ಕೂ ತಕ್ಕ ಕೆಲಸ ಸಿಗುತ್ತದೆ. ತೊಡೆಯ ಸ್ನಾಯುಗಳು ದುಡಿಯುವಾಗ ರಕ್ತದಲ್ಲಿನ ಸಕ್ಕರೆಯನ್ನು ತಾವೇ ಹೀರಿಕೊಳ್ಳುತ್ತವೆ. ಈ ಪರಿಣಾಮ ಸವಾರಿ ಮುಗಿದ ಮೇಲೂ ಹಲವು ಗಂಟೆಗಳ ಕಾಲ ಉಳಿಯುತ್ತದೆ. ಮಧುಮೇಹಿಗಳಿಗೆ ಇದಕ್ಕಿಂತ ಸುಲಭವಾದ ಸಹಾಯ ಕಡಿಮೆ. ಓಟದಲ್ಲಿ ಮೊಣಕಾಲಿನ ಮೇಲೆ ಬೀಳುವ ಪೆಟ್ಟು ಇಲ್ಲಿಲ್ಲ. ಲಾರಿ ಬಸ್ಸುಗಳ ಹಾವಳಿಯಿಲ್ಲದಿರುವುದು ಮನಸ್ಸಿಗೆ ಸಿಗುವ ಬಡ್ಡಿ.

ಎಚ್ಚರಿಕೆಯ ಮಾತು

ನಲವತ್ತು ದಾಟಿದವರು, ರಕ್ತದೊತ್ತಡ, ಮಧುಮೇಹ, ಹೃದ್ರೋಗ ಉಳ್ಳವರು ಮೊದಲು ವೈದ್ಯರ ಸಲಹೆ ಪಡೆಯತಕ್ಕದ್ದು. ಮೊದಲ ಕೆಲವು ವಾರ ಬಡಾವಣೆಯಲ್ಲಿಯೇ ಅರ್ಧ ಗಂಟೆಯಂತೆ ವಾರಕ್ಕೆ ಮೂರು ದಿನ ತುಳಿದು, ಅನಂತರ ಕಣಿವೆಗೆ ಇಳಿಯಬೇಕು. ಸೀಟಿನ ಎತ್ತರ ಸರಿಯಿರಲಿ: ಪೆಡಲ್ ಕೆಳತುದಿಗೆ ಬಂದಾಗ ಕಾಲು ಬಹುತೇಕ ನೇರವಾಗಿ, ಮಂಡಿ ಸ್ವಲ್ಪವೇ ಬಾಗಿರಬೇಕು. ತಗ್ಗಾದ ಸೀಟೇ ಅನೇಕರ ಮಂಡಿನೋವಿನ ಮೂಲ. ಡಾಂಬರಿಗಿಂತ ಗರಸಿನಲ್ಲಿ ಟೈರಿನ ಗಾಳಿ ಕೊಂಚ ಕಡಿಮೆಯಿದ್ದರೆ ಹಿಡಿತ ಹೆಚ್ಚು, ಕುಲುಕಾಟ ಕಡಿಮೆ. ಹ್ಯಾಂಡಲ್ ಬಿಗಿಯಾಗಿ ಹಿಡಿದರೆ ಕಿರುಬೆರಳು ಜೋಮುಗಟ್ಟುತ್ತದೆ. ಆಗಾಗ ಹಿಡಿತ ಬದಲಿಸುತ್ತಿರಬೇಕು.

ಶಿರಸ್ತ್ರಾಣ, ಕುಡಿಯುವ ನೀರು, ಪಂಕ್ಚರ್ ಸಾಮಗ್ರಿ, ಪಂಪು ಜೊತೆಗಿರಲಿ. ಇನ್ಸುಲಿನ್ ಅಥವಾ ಮಾತ್ರೆ ಸೇವಿಸುವ ಮಧುಮೇಹಿಗಳಿಗೆ ಸಕ್ಕರೆ ಹಠಾತ್ತನೆ ಇಳಿಯುವ ಅಪಾಯವಿರುವುದರಿಂದ ಜೇಬಿನಲ್ಲಿ ಗ್ಲೂಕೋಸ್ ಇಲ್ಲವೆ ಸಕ್ಕರೆ ಇಟ್ಟುಕೊಳ್ಳಲೇಬೇಕು. ಎದೆನೋವು, ತಲೆಸುತ್ತು, ಅಸಹಜ ಉಬ್ಬಸ ಕಂಡರೆ ಆ ಕ್ಷಣವೇ ನಿಲ್ಲಿಸಿ ನೆರವು ಪಡೆಯಬೇಕು. ನವೆಂಬರಿನಿಂದ ಫೆಬ್ರವರಿಯವರೆಗೆ ಪ್ರಶಸ್ತ ಕಾಲ. ಬೇಸಿಗೆಯಲ್ಲಿ ಬಿಸಿಲೇರುವ ಮುನ್ನ ಮನೆ ಸೇರಬೇಕು. ಮಳೆಗಾಲದ ಎರೆಮಣ್ಣು ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಉಪ್ಪಲ್‌ನ ಹೆದ್ದಾರಿಯನ್ನು ವಾಹನದಟ್ಟಣೆಗೆ ಮುನ್ನ, ಬೆಳಕು ಹರಿದೊಡನೆ ದಾಟುವುದು ಕ್ಷೇಮ.

ನದಿಯ ಆರೋಗ್ಯ

ಈ ದಾರಿಯಲ್ಲಿ ಒಂದು ಕಹಿಯೂ ಇದೆ. ನಗರದ ಕೊಳಚೆ ಹೊತ್ತು ಬರುವ ಮೂಸಿಯಲ್ಲಿ ನೊರೆ ತೇಲುವುದನ್ನು, ದುರ್ವಾಸನೆ ಹರಡುವುದನ್ನು ಸವಾರ ಕಾಣದಿರಲಾರ. ಅಂಬರ್‌ಪೇಟೆ, ನಾಗೋಲಿನ ಶುದ್ಧೀಕರಣ ಘಟಕಗಳಿದ್ದೂ ಈ ಸ್ಥಿತಿ. ಇಲ್ಲಿಯ ಗದ್ದೆಗಳು ಹಸಿರಾಗಿರುವುದೂ ಬಹುಮಟ್ಟಿಗೆ ಇದೇ ನೀರಿನಿಂದ. ಇದೇ ಹುಲ್ಲು ಮೇವಾಗಿ ನಗರದ ಎಮ್ಮೆಗಳಿಗೆ ಹೋಗುತ್ತದೆ. ಬಿದ್ದು ತರಚಿದರೆ ನದಿಯ ಅಥವಾ ಕಾಲುವೆಯ ನೀರಿನಿಂದ ತೊಳೆಯಕೂಡದು. ಸೀಸೆಯ ಶುದ್ಧ ನೀರಿನಿಂದ ತೊಳೆದು, ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು.

ಈ ನದಿಗೂ ಕನ್ನಡಿಗರಿಗೂ ಹಳೆಯ ನಂಟಿದೆ. 1908ರ ಸೆಪ್ಟೆಂಬರ್ 28ರ ಮಹಾಪ್ರವಾಹದಲ್ಲಿ ಸಾವಿರಾರು ಜನ ಮಡಿದಾಗ, ನಿಜಾಮ ಸರ್ಕಾರ ಮರುವರ್ಷ ಕರೆಸಿಕೊಂಡದ್ದು ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರನ್ನು. ಮೇಲ್ಭಾಗದಲ್ಲಿ ನೀರು ತಡೆಯುವ ಜಲಾಶಯಗಳ ಜೊತೆಗೆ ನಗರಕ್ಕೆ ಒಳಚರಂಡಿ ಯೋಜನೆಯನ್ನೂ ಅವರು ರೂಪಿಸಿದರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಪೂರ್ಣಗೊಂಡವು. ನದಿಯನ್ನೂ ಚರಂಡಿಯನ್ನೂ ಬೇರೆಯಾಗಿಡಬೇಕೆಂಬ ವಿವೇಕ ಆಗಲೇ ಇತ್ತು. ಅದನ್ನು ಉಳಿಸಿಕೊಳ್ಳುವ ಹೊಣೆ ಮುಂದಿನವರದಾಗಿತ್ತು.

ಮಣ್ಣಿನ ದಾರಿಗಳೂ ಅಪಾಯದಲ್ಲಿವೆ. ನಗರ ಪೂರ್ವಕ್ಕೆ ಬೆಳೆದಂತೆ ಗದ್ದೆಗಳು ನಿವೇಶನಗಳಾಗುತ್ತಿವೆ, ಬಂಡಿದಾರಿಗಳಿಗೆ ಬೇಲಿ ಬೀಳುತ್ತಿದೆ. ಇಟಲಿಯ ಟಸ್ಕನಿಯಲ್ಲಿ ಬಿಳಿ ಗರಸಿನ ಹಳೆಯ ದಾರಿಗಳು ಡಾಂಬರಿನಡಿ ಮುಚ್ಚಿಹೋಗುತ್ತಿದ್ದಾಗ, ಅವುಗಳನ್ನು ಉಳಿಸಬೇಕೆಂಬ ಸಂಕಲ್ಪದಿಂದ 1997ರಲ್ಲಿ ‘ಲೆರೋಯಿಕಾ’ ಎಂಬ ಹಳೆಯ ಸೈಕಲ್ಲುಗಳ ಯಾತ್ರೆ ಆರಂಭವಾಯಿತು. ಇಂದು ಆ ದಾರಿಗಳೇ ಆ ಸೀಮೆಯ ಹೆಮ್ಮೆ. ಜನ ಬಳಸುವ ದಾರಿಗೆ ಕೇಳುವವರಿರುತ್ತಾರೆ. ಬಳಸದ ದಾರಿ ಸದ್ದಿಲ್ಲದೆ ಅಳಿಯುತ್ತದೆ.

ಬಡಾವಣೆಯ ನಾಲ್ಕೈದು ಕುಟುಂಬಗಳು ಕೂಡಿ ತಿಂಗಳಿಗೊಂದು ಭಾನುವಾರ ಮಕ್ಕಳೊಡನೆ ಈ ಕಣಿವೆಗೆ ಹೊರಟರೆ ಹಿರಿಯರ ರಕ್ತದೊತ್ತಡ ಹತೋಟಿಗೆ ಬರಲು ಸಹಾಯವಾದೀತು. ತಮ್ಮ ಮನೆಯ ಕೊಳಾಯಿಯಿಂದ ಹೋದ ನೀರು ಎಲ್ಲಿ ಸೇರುತ್ತದೆಂಬುದನ್ನು ಮಕ್ಕಳು ಕಣ್ಣಾರೆ ಕಂಡಾರು. ನದಿಯ ಶುದ್ಧಿಗಾಗಿ ಅಧಿಕಾರಿಗಳನ್ನು ಒತ್ತಾಯಿಸಲು, ಅದನ್ನು ಹತ್ತಿರದಿಂದ ಕಂಡವರ ಮಾತಿಗೆ ಹೆಚ್ಚು ತೂಕವಿರುತ್ತದೆ. ಮೂಲೆಯಲ್ಲಿ ಧೂಳು ಹಿಡಿದ ಸೈಕಲ್ಲನ್ನು ಹೊರಗೆ ತೆಗೆದು ಟೈರಿಗೆ ಗಾಳಿ ಹಾಕಿಸುವುದು ಈ ಕಾರ್ಯದ ಮೊದಲ ಮೆಟ್ಟಿಲು.