ಎದೆಗೆ ಕರೆಂಟ್, ಅದಕ್ಕೂ ಮೊದಲು ಮೂರು ವಾರ

“ಎದಿಗೆ ಕರೆಂಟ್ ಕೊಡ್ತಾರಂತಲ್ರೀ, ಜೀವಕ್ಕೇನೂ ಆಗಂಗಿಲ್ಲಲ್ಲ?” ಹೃದಯದ ಲಯ ಸರಿಪಡಿಸಬೇಕು ಎಂದು ಡಾಕ್ಟರು ಹೇಳಿದ ಕೂಡಲೇ ಹೊಸಪೇಟೆ, ಕಂಪ್ಲಿ ಕಡೆಯ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ ಇದು. ಡಾಕ್ಟರು ಕೇಳುವ ಪ್ರಶ್ನೆ ಬೇರೆ: ರಕ್ತ ತೆಳು ಮಾಡುವ ಮಾತ್ರೆಯನ್ನು ಎಷ್ಟು ದಿನದಿಂದ, ಒಂದು ಹೊತ್ತೂ ತಪ್ಪಿಸದೆ ನುಂಗುತ್ತಿದ್ದೀರಿ? ಕರೆಂಟಿನ ಕೆಲಸ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಮುಗಿಯುತ್ತದೆ. ಹೆಚ್ಚಿನ ಅಪಾಯವಿರುವುದು ಅದರ ಹಿಂದುಮುಂದಿನ ವಾರಗಳಲ್ಲಿ.

ಹೃದಯದ ಬಲ ಮೇಲ್ಕೋಣೆಯ ಗೋಡೆಯಲ್ಲಿ ಸೈನಸ್ ಗಂಟು ಎಂಬ ಪುಟ್ಟ ಕೋಶಗುಂಪು ಇದೆ. 1907ರಲ್ಲಿ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲಾಕ್ ಇದನ್ನು ಗುರುತಿಸಿದರು. ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 60ರಿಂದ 100 ಸಲ ಇಲ್ಲಿಂದ ವಿದ್ಯುತ್ ಸಂಕೇತ ಹೊರಡುತ್ತದೆ, ಹೃದಯ ಅದರಂತೆ ಬಡಿಯುತ್ತದೆ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ಕಾಯಿಲೆಯಲ್ಲಿ ಮೇಲ್ಕೋಣೆಗಳ ತುಂಬ ಅಡ್ಡಾದಿಡ್ಡಿ ಸಂಕೇತಗಳು ಎದ್ದು, ಅವುಗಳ ಸಂಖ್ಯೆ ನಿಮಿಷಕ್ಕೆ 350ರಿಂದ 600ಕ್ಕೆ ಮುಟ್ಟುತ್ತದೆ. ಅಷ್ಟೂ ಕೆಳಕೋಣೆಗೆ ಇಳಿದರೆ ಜೀವ ಉಳಿಯದು. ನಡುವೆ ಇರುವ ಎವಿ ಗಂಟು ಹಂಪಿ ಕಡೆಯ ತುರ್ತು ಕಾಲುವೆಯ ತೂಬಿನ ಹಾಗೆ ಕೆಲವನ್ನಷ್ಟೇ ಬಿಟ್ಟು ಉಳಿದದ್ದನ್ನು ತಡೆಯುತ್ತದೆ. ಆದರೂ ನಾಡಿ ನೂರು ದಾಟಿ, ಲೆಕ್ಕಕ್ಕೆ ಸಿಗದಂತೆ ಓಡುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು. ಕೆಲವರಿಗೆ ಏನೂ ಅನಿಸುವುದಿಲ್ಲ, ಅದು ಇನ್ನೂ ಕಷ್ಟದ ಸಂಗತಿ.

ಮೇಲ್ಕೋಣೆ ಬರೇ ಅದುರುತ್ತಿದ್ದು ಸರಿಯಾಗಿ ಹಿಂಡದೇ ಹೋದಾಗ ಎಡಗಡೆಯ ಕಿವಿಯಾಕಾರದ ಚೀಲವೊಂದರಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಲಯ ಮರಳಿ ಕೋಣೆ ಹಿಂಡತೊಡಗಿದರೆ ಆ ಹೆಪ್ಪು ಕಳಚಿ ನೇರ ಮೆದುಳಿಗೆ ಹೋಗಬಹುದು. ಲಕ್ವ ಹೊಡೆಯುವುದು ಹೀಗೆ. ಆದ್ದರಿಂದ ಲಯ ತಪ್ಪಿ ಒಂದೆರಡು ದಿನ ಮೀರಿದ್ದರೆ, ಅಥವಾ ಯಾವಾಗ ತಪ್ಪಿತು ಎಂದೇ ಗೊತ್ತಿಲ್ಲದಿದ್ದರೆ, ಕರೆಂಟ್ ಕೊಡುವ ಮುನ್ನ ಕನಿಷ್ಠ ಮೂರು ವಾರ ರಕ್ತ ತೆಳು ಮಾಡುವ ಮಾತ್ರೆ ನಡೆಯಬೇಕು. ಅಷ್ಟು ಕಾಯಲಾಗದಿದ್ದರೆ ಅನ್ನನಾಳಕ್ಕೆ ಕೊಳವೆ ಇಳಿಸಿ ಎಕೋ ಮಾಡಿ, ಹೆಪ್ಪಿಲ್ಲ ಎಂದು ಕಣ್ಣಾರೆ ನೋಡಿಕೊಳ್ಳುತ್ತಾರೆ. ಬಿಪಿ ಕುಸಿದು ಪ್ರಾಣಕ್ಕೇ ಬಂದಾಗ ಮಾತ್ರ ಈ ಎರಡಕ್ಕೂ ವಿನಾಯಿತಿ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಚಿಕ್ಕಂದಿನ ಗಂಟಲು ಸೋಂಕಿನಿಂದ ರುಮ್ಯಾಟಿಕ್ ಜ್ವರ ಬಂದು, ಮೈಟ್ರಲ್ ಕವಾಟ ಕಿರಿದಾಗಿ, ಮುಂದೆ ಲಯ ತಪ್ಪಿದವರು ಭಾರತದಲ್ಲಿ ಇಂದಿಗೂ ಸಾಕಷ್ಟಿದ್ದಾರೆ, ಅವರಲ್ಲಿ ಹೆಂಗಸರೇ ಹೆಚ್ಚು. ಇವರಿಗೆ ಹೊಸ ಬಗೆಯ ಮಾತ್ರೆಗಿಂತ ಹಳೆಯ ಬಗೆಯದೇ ಮೇಲು ಎಂದು 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಅಧ್ಯಯನ ತೋರಿಸಿತು. ಹಳೆಯ ಬಗೆ ಎಂದರೆ ವಾರ್ಫರಿನ್ ಅಥವಾ ಅಸಿಟ್ರಾಮ್. ಇದಕ್ಕೆ ಐಎನ್‌ಆರ್ ಎಂಬ ರಕ್ತಪರೀಕ್ಷೆ ಬೇಕೇಬೇಕು, ಸಾಮಾನ್ಯವಾಗಿ ಅಂಕಿ 2 ಮತ್ತು 3ರ ನಡುವೆ ನಿಲ್ಲಬೇಕು. ಈ ಮಾತ್ರೆ ನುಂಗುವವರು ಸೊಪ್ಪು ಬಿಡಬೇಕಿಲ್ಲ. ವಾರವಿಡೀ ಮುಟ್ಟದೆ ಭಾನುವಾರ ಬುಟ್ಟಿಗಟ್ಟಲೆ ಪಾಲಕ್, ನುಗ್ಗೆಸೊಪ್ಪು ತಿಂದರೆ ಅಂಕಿ ಏರುಪೇರಾಗುತ್ತದೆ, ದಿನಾ ಒಂದೇ ಅಳತೆಯಲ್ಲಿ ತಿಂದರೆ ತೊಂದರೆಯಿಲ್ಲ. ಗದ್ದೆ ಕೆಲಸ ಮುಗಿಸಿ ಮೈಕೈ ನೋವೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗುವ ನೋವಿನ ಗುಳಿಗೆ ಸೊಪ್ಪಿಗಿಂತ ಅಪಾಯ, ಅದು ಹೊಟ್ಟೆಯೊಳಗೆ ರಕ್ತ ಸುರಿಸಬಲ್ಲದು. ಹಂಪಿ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯಿಡೀ ಪ್ರಯಾಣ ಮಾಡಿ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಹೋಗುವವರು ಹೊರಡುವ ಮೊದಲು ಊರಲ್ಲೇ ಐಎನ್‌ಆರ್ ನೋಡಿಸಿಕೊಂಡು, ಆ ಅಂಕಿಯನ್ನು ಡಾಕ್ಟರಿಗೆ ಫೋನಿನಲ್ಲಿ ತಿಳಿಸಿದರೆ ಒಂದು ಸುತ್ತು ಉಳಿದೀತು.

ಕರೆಂಟ್ ಕೊಡುವ ದಿನ ಸುಮಾರು ಆರು ತಾಸು ಉಪವಾಸ. ಎದೆಯ ಕೂದಲು ತೆಗೆಯುತ್ತಾರೆ. ಎದೆಯ ಮೇಲೆ ಲೋಹ ಇರಕೂಡದು: ಕರಿಮಣಿ, ಸರ, ಇಷ್ಟಲಿಂಗದ ಬೆಳ್ಳಿ ಕರಡಿಗೆ ಯಾವುದೂ. ಲಿಂಗ ದೇಹದಿಂದ ದೂರಾಗಬಾರದು ಎನ್ನುವವರು ಮುಂಗೈಗೆ ಕಟ್ಟಿಕೊಳ್ಳಬಹುದೇ ಎಂದು ಹಿಂದಿನ ದಿನವೇ ಕೇಳಿಕೊಳ್ಳಲಿ, ಮಂಚದ ಮೇಲೆ ವಾದ ಬೇಡ. ಅಂಟುವ ಪ್ಯಾಡ್‌ಗಳಲ್ಲಿ ಒಂದನ್ನು ಎದೆಗೆ, ಇನ್ನೊಂದನ್ನು ಬೆನ್ನಿಗೆ ಇಲ್ಲವೇ ಎಡ ಪಕ್ಕೆಗೆ ಹಚ್ಚುತ್ತಾರೆ. ರಕ್ತನಾಳದಲ್ಲಿ ಔಷಧಿ ಹೋಗುತ್ತದೆ, ಕೆಲವು ನಿಮಿಷದ ನಿದ್ದೆ.

ಇನ್ನು ಯಂತ್ರದ ಜಾಣತನ. ಅದರೊಳಗಿನ ಕೆಪಾಸಿಟರ್ ವಿದ್ಯುತ್ತನ್ನು ಕೂಡಿಟ್ಟುಕೊಂಡು ಒಂದೇ ಏಟಿಗೆ ಬಿಡುತ್ತದೆ, ಸಾಮಾನ್ಯವಾಗಿ 120ರಿಂದ 200 ಜೂಲ್, ಬೇಕಾದರೆ ಇನ್ನೂ ಹೆಚ್ಚು. ಹೃದಯದ ಕೋಶಗಳೆಲ್ಲ ಒಟ್ಟಿಗೆ ಪ್ರಚೋದನೆಗೊಂಡು ಕ್ಷಣಕಾಲ ಸುಮ್ಮನಾಗುತ್ತವೆ. ಆ ಬಿಡುವಿನಲ್ಲಿ ಸೈನಸ್ ಗಂಟು ಮತ್ತೆ ಯಜಮಾನಿಕೆ ಹಿಡಿಯುತ್ತದೆ. ಆದರೆ ಏಟು ಹೊತ್ತಲ್ಲದ ಹೊತ್ತಿಗೆ, ಇಸಿಜಿಯ ಟಿ ಅಲೆಯ ತುದಿಯ ಸುತ್ತ ಬಿದ್ದರೆ ಕೆಳಕೋಣೆಗಳೇ ಅದುರತೊಡಗಿ ಹೃದಯ ನಿಂತುಹೋಗಬಹುದು. ಅಮೆರಿಕದ ಹೃದ್ರೋಗ ತಜ್ಞ ಬರ್ನಾರ್ಡ್ ಲೌನ್ 1960ರ ದಶಕದ ಆರಂಭದಲ್ಲಿ ಎಂಜಿನಿಯರ್ ಬರೂಕ್ ಬರ್ಕೊವಿಟ್ಸ್ ಜೊತೆಗೂಡಿ ಬಿಡಿಸಿದ್ದು ಈ ಒಗಟನ್ನೇ. ಯಂತ್ರ ಪ್ರತಿ ಬಡಿತದ ಆರ್ ಅಲೆಯ ಮೇಲೆ ಗುರುತು ಹಾಕುತ್ತ ಹೋಗುತ್ತದೆ. ಡಾಕ್ಟರು ಗುಂಡಿ ಒತ್ತಿ ಹಿಡಿದರೂ ಏಟು ಕೂಡಲೇ ಬೀಳದು, ಮುಂದಿನ ಆರ್ ಅಲೆ ಬರುವವರೆಗೆ ಯಂತ್ರ ಕಾಯುತ್ತದೆ.

ಮೈ ಒಮ್ಮೆ ಜಿಗಿಯುತ್ತದೆ, ನೋಡುವವರಿಗೆ ಭಯ. ರೋಗಿಗೆ ಸಾಮಾನ್ಯವಾಗಿ ನೆನಪೇ ಇರದು. ಎಚ್ಚರಾದಾಗ ಪ್ಯಾಡ್ ಹಚ್ಚಿದ ಕಡೆ ಚರ್ಮ ಕೆಂಪಾಗಿ ಉರಿಯಬಹುದು. ಬೇರೆ ತೊಂದರೆ ಇಲ್ಲದಿದ್ದರೆ ಬಹುತೇಕರು ಅದೇ ದಿನ ಮನೆಗೆ. ನಿದ್ದೆ ಔಷಧಿಯ ಪ್ರಭಾವ ಇರುವುದರಿಂದ 24 ತಾಸು ಗಾಡಿ ಓಡಿಸುವಂತಿಲ್ಲ. ಸಂಡೂರಿನ ಅದಿರು ಲಾರಿಯವರಿಗೆ ಇದನ್ನು ಎರಡು ಸಲ ಹೇಳಬೇಕು.

ಎಡವಟ್ಟಾಗುವುದು ಇಲ್ಲಿಂದಾಚೆ. ಇಸಿಜಿ ಚೀಟಿಯಲ್ಲಿ ಲಯ ನೆಟ್ಟಗೆ ಕಂಡಿತು, ಉಸಿರು ಹಗುರಾಯಿತು, ಮಾತ್ರೆ ಯಾಕೆ ಎಂದು ಬಿಟ್ಟುಬಿಡುತ್ತಾರೆ. ವಿದ್ಯುತ್ ಸರಿಹೋದರೂ ಮೇಲ್ಕೋಣೆಯ ಸ್ನಾಯು ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಮಂಕಾಗಿಯೇ ಇರುತ್ತದೆ. ಹೊಸ ಹೆಪ್ಪು ಕಟ್ಟಲು ಅಷ್ಟು ಸಾಕು. ಅದಕ್ಕೇ ಆಮೇಲೂ ಕನಿಷ್ಠ ನಾಲ್ಕು ವಾರ ಮಾತ್ರೆ ನಿಲ್ಲಿಸುವಂತಿಲ್ಲ. ಕವಾಟ ಕಿರಿದಾದವರು, ಹಿಂದೆ ಲಕ್ವ ಆದವರು, ಬಿಪಿ, ಸಕ್ಕರೆ ಕಾಯಿಲೆಯ ಜೊತೆ ವಯಸ್ಸೂ ಆದವರು ಬಹಳ ಸಲ ಜೀವನಪರ್ಯಂತ ನುಂಗಬೇಕಾಗುತ್ತದೆ.

ಲಯ ಮತ್ತೆ ತಪ್ಪುವುದೂ ಅಪರೂಪವಲ್ಲ. ಹಾಗಾದರೆ ಔಷಧಿ ಬದಲಿಸುತ್ತಾರೆ, ಇಲ್ಲವೇ ಅಬ್ಲೇಷನ್ ಮಾಡುತ್ತಾರೆ: ತೊಡೆಸಂದಿನ ನಾಳದಿಂದ ಹೃದಯಕ್ಕೆ ತಂತಿ ಹಾಯಿಸಿ, ಶ್ವಾಸಕೋಶದ ಅಭಿಧಮನಿಗಳ ಬಾಯಿಯ ಸುತ್ತ ಶಾಖದಿಂದಲೋ ಶೀತದಿಂದಲೋ ಗಾಯದ ಉಂಗುರ ಮೂಡಿಸುವುದು. ಪುಂಡ ಸಂಕೇತಗಳು ಹೆಚ್ಚಾಗಿ ಅಲ್ಲಿಂದಲೇ ಹೊರಡುತ್ತವೆ ಎಂದು 1998ರಲ್ಲಿ ತೋರಿಸಿದ್ದು ಫ್ರಾನ್ಸಿನ ಬೋರ್ಡೊ ನಗರದ ಮಿಶೆಲ್ ಹೈಸಗೆರ್ ಅವರ ತಂಡ. ಅಬ್ಲೇಷನ್ ಆದ ಮೇಲೆ ಕೆಲವು ತಾಸು ಕಾಲು ಮಡಚದೆ ಅಂಗಾತ ಮಲಗಬೇಕು. ರಕ್ತ ತೆಳು ಮಾಡುವ ಮಾತ್ರೆ ಅಲ್ಲೂ ಕನಿಷ್ಠ ಎರಡು ತಿಂಗಳು.